ಬೈರಣ್ಣನ ಪಂಚೆ, ಸೇತುರಾಮನ ಹೆಲಿಕಾಪ್ಟರ್

ಜನವರಿ 8, ಬುಧವಾರ

ಈ ಡೈರಿ ಮಗಳು ಶಾಲಿನಿ ಕೊಟ್ಟದ್ದು. ಹೊಸ ವರ್ಷಕ್ಕೆ ಮೈಸೂರಿನಿಂದ ಬಂದವಳು ಕೈಗಿಟ್ಟು, "ಅಮ್ಮ, ದಿನಾ ಬಿಪಿ ನೋಡ್ಕೊಂಡು ಇದ್ರಲ್ಲಿ ಬರ್ದಿಡು, ಡಾಕ್ಟ್ರಿಗೆ ತೋರಿಸ್ಬೇಕು" ಅಂದಿದ್ದಳು. ಇಷ್ಟು ದಿನ ಖಾಲಿ ಇತ್ತು. ನಿನ್ನೆ ನಮ್ಮ ಹೊಲದಲ್ಲಿ ಹೆಲಿಕಾಪ್ಟರ್ ಬಿದ್ದ ಮೇಲೆ ಬರೀ ಬಿಪಿ ಬರೆಯುವುದು ಅನ್ಯಾಯ ಅನ್ನಿಸಿತು.

ನಡೆದದ್ದು ಇಷ್ಟು. ತಲಘಟ್ಟಪುರದ ಆಚೆ ನಮಗೆ ಉಳಿದಿರುವುದು ಒಂದೇ ಹೊಲ. ಈ ಸಲ ಅವರೆ ಹಾಕಿದ್ದೇವೆ. ಮಿಕ್ಕ ಜಮೀನೆಲ್ಲ ಸೈಟಾಗಿ, ಸೈಟು ಮನೆಯಾಗಿ, ಈಗ ವಸಂತಪುರದಲ್ಲಿ ಕೂತು ಬಾಡಿಗೆ ವಸೂಲಿ ಮಾಡುವುದೇ ನಮ್ಮ ಬೇಸಾಯ. ಹೊಲದ ಬೇಲಿಯಾಚೆ ಸೇತುರಾಮನ ಮಾವಿನ ತೋಟ. ಸೇತುರಾಮನೂ ನಮ್ಮ ಯಜಮಾನರೂ ಒಂದೇ ಬೆಂಚಿನಲ್ಲಿ ಕೂತು ಒಟ್ಟಿಗೆ ಫೇಲಾದವರು. ಅಂದಿನಿಂದ ಇವರು ಬೈಕು ತಗೊಂಡರೆ ಅವನು ಕಾರು ತಗೊಳ್ಳಬೇಕು, ಇವರು ಮೂರು ಅಂತಸ್ತು ಕಟ್ಟಿದರೆ ಅವನು ನಾಲ್ಕು ಕಟ್ಟಬೇಕು. ಈಗ ಮಾವು ಹೂ ಬಿಟ್ಟಿದೆ, ಜಿಗಿಹುಳು ಬಿದ್ದಿದೆ. ಔಷಧಿ ಹೊಡೆಸಲು ಅವನು ಯಾವುದೋ ಕಂಪನಿಯಿಂದ ಪುಟ್ಟ ಹೆಲಿಕಾಪ್ಟರನ್ನೇ ಕರೆಸಿದ. ಅದು ತೋಟದ ಮೇಲೆ ಚೆನ್ನಾಗಿಯೇ ಓಡಾಡುತ್ತಿತ್ತಂತೆ. ಆಮೇಲೆ ಏನಾಯಿತೋ, ಬೇಲಿ ದಾಟಿ ನಮ್ಮ ಹೊಲಕ್ಕೆ ಬಂದು, ಪಂಪ್‌ಹೌಸಿಗೆ ಎಳೆದಿರುವ ಕರೆಂಟ್ ತಂತಿಗೆ ಬಾಲ ತಗುಲಿಸಿಕೊಂಡು, ಗಿರ್ರನೆ ತಿರುಗಿ ನಮ್ಮ ತಿಪ್ಪೆಯ ಮೇಲೆ ಮಗ್ಗುಲಾಗಿ ಮಲಗಿಬಿಟ್ಟಿತು. ಆ ತಿಪ್ಪೆ ತೆಗೆಸಿ ಅಂತ ನಾನು ವರ್ಷಗಟ್ಟಲೆ ಬಡಿದುಕೊಂಡಿದ್ದೆ. ತೆಗೆಸದೇ ಇದ್ದದ್ದು ಒಳ್ಳೆಯದಾಯಿತು, ಪೈಲಟ್ ಉಳಿದುಕೊಂಡರು. ಪೈಲಟ್ ಒಂದು ಹುಡುಗಿಯಂತೆ. ಭುಜದ ಮೂಳೆ ಬಿಟ್ಟಿದೆಯಂತೆ.

ನಮ್ಮ ಯಜಮಾನರಿಗೆ ಎರಡೂ ಕೈ ಮುರಿದಿದೆ. ಗಂಡನ ಹೆಸರನ್ನು ಬಾಯಲ್ಲಿ ಹೇಳಿ ನನಗೆ ಅಭ್ಯಾಸವಿಲ್ಲ, ಬರೆಯಬೇಡ ಅಂತ ಮಾತ್ರ ಯಾರೂ ಹೇಳಿಲ್ಲ. ಬೈರಣ್ಣ. ಜಯನಗರದ ಆಸ್ಪತ್ರೆಯಲ್ಲಿ ಎರಡೂ ಕೈಗೆ ಮೊಣಕೈ ದಾಟಿ ಪ್ಲಾಸ್ಟರ್ ಸುತ್ತಿದ್ದಾರೆ. "ಹೆಲಿಕಾಪ್ಟರ್ ಮೈಮೇಲೇ ಬಂತು ಡಾಕ್ಟ್ರೇ, ಎರಡೂ ಕೈ ಕೊಟ್ಟು ತಡೆದೆ" ಅಂದರು. ಡಾಕ್ಟರು ನನ್ನ ಮುಖ ನೋಡಿದರು, ನಾನು ಫ್ಯಾನ್ ನೋಡಿದೆ. ಹೊಲದಿಂದ ಕರೆತಂದ ಆಟೋದವನು ಆಗಲೇ ಹೇಳಿದ್ದ, ಅಂಕಲ್ ಓಡೋಕೆ ಹೋಗಿ ನೀರಿನ ಕಾಲುವೆಗೆ ಬೋರಲು ಬಿದ್ದಿದ್ರು ಅಂತ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಒಂದು ವಿಷಯ ಮಾತ್ರ ತಿಳಿಯಲಿಲ್ಲ. ಇವರು ಆಸ್ಪತ್ರೆಗೆ ಬಂದದ್ದು ಬಿಳಿ ಅಂಗಿ ಮತ್ತು ಪಟಾಪಟ್ಟಿ ಚಡ್ಡಿಯಲ್ಲಿ. ಪಂಚೆ ಎಲ್ಲಿ ಅಂತ ಕೇಳಿದರೆ, "ರೆಕ್ಕೆ ಗಾಳಿಗೆ ಹಾರೋಯ್ತು ಕಣೇ" ಅಂದರು.

ಬಿಪಿ: ನೋಡಲಿಲ್ಲ. ಜಾಸ್ತಿಯೇ ಇರುತ್ತದೆ.

ಜನವರಿ 9

ಬೆಳಗಿನಿಂದ ಜನ. ಬಾಡಿಗೆಯವರು, ಹಾಲಿನವನು, ಮೊಬೈಲ್ ಹಿಡಿದುಕೊಂಡ ಯೂಟ್ಯೂಬಿನವರು. ಹತ್ತು ಗಂಟೆಗೆ ಇವರು ಹೆಲಿಕಾಪ್ಟರನ್ನು ಕೈಯಲ್ಲಿ ತಡೆದಿದ್ದರು. ಊಟದ ಹೊತ್ತಿಗೆ ಅದನ್ನು ಮನೆಗಳ ಮೇಲೆ ಬೀಳದಂತೆ ತಿಪ್ಪೆಯ ಕಡೆಗೆ ತಳ್ಳಿದ್ದರು. ಸಂಜೆಗೆ ಊರನ್ನೇ ಉಳಿಸಿದ್ದರು.

ಕಾಫಿ ಕೊಟ್ಟು ಲೋಟ ತೊಳೆದು ನನ್ನ ಕೈ ಬಿದ್ದುಹೋಯಿತು. ಜಯನಗರ ನಾಲ್ಕನೇ ಬ್ಲಾಕಿನಿಂದ ಒಂದು ದೊಡ್ಡ ಕಟ್ಟು ಪೇಪರ್ ಲೋಟ ತರಿಸಿದೆ. ನೆಂಟರಿಗೆ ಸ್ಟೀಲ್ ಲೋಟ, ಮಿಕ್ಕವರಿಗೆ ಪೇಪರ್ ಲೋಟ.

ಮದುವೆಯಾದಾಗಿನಿಂದ ಸಾರಿಗೆ ಉಪ್ಪು ಕಮ್ಮಿ, ಮುದ್ದೆ ಗಂಟು ಅನ್ನುತ್ತಾ ಬಂದವರು ಈಗ ನಾನು ತಿನ್ನಿಸಿದಾಗ ತಿನ್ನಬೇಕು. ಇವತ್ತು ಬೇಕಂತಲೇ ತುತ್ತನ್ನು ಬಾಯಿಯ ಹತ್ತಿರ ಹಿಡಿದು, "ಗಂಟಿದೆಯಾ?" ಅಂತ ಕೇಳಿದೆ. "ಇಲ್ಲ, ಇಲ್ಲ, ಬೆಣ್ಣೆ ಇದ್ದಂಗೈತೆ" ಅಂದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಹೆಂಡತಿಗೂ ಒಂದು ಕಾಲ ಬರುತ್ತದೆ ಅನ್ನುವುದನ್ನು ಗಾದೆ ಕಟ್ಟಿದವರು ಮರೆತಿದ್ದಾರೆ.

ಜನವರಿ 10

ಅವರೆಕಾಯಿ ಬಲಿತರೆ ಹಾಳು ಅಂತ ಹೊಲಕ್ಕೆ ಹೋದೆ. ತಿಪ್ಪೆಯ ಸುತ್ತ ಹಳದಿ ಪಟ್ಟಿ ಕಟ್ಟಿದ್ದಾರೆ. ಒಬ್ಬ ಪೊಲೀಸಿನವನು ಕುರ್ಚಿ ಹಾಕಿಕೊಂಡು ಮೊಬೈಲ್ ನೋಡುತ್ತಿದ್ದ. ಹೆಲಿಕಾಪ್ಟರ್ ಟಿವಿಯಲ್ಲಿ ಕಾಣುವಷ್ಟು ದೊಡ್ಡದಲ್ಲ. ಗಾಜು ಒಡೆದು, ಒಂದು ಪಕ್ಕದ ಔಷಧಿ ಪೈಪು ಗೊಬ್ಬರದೊಳಗೆ ಹೂತು, ಪಾಪ ಅನ್ನಿಸುವಂತೆ ಬಿದ್ದಿತ್ತು.

ನಾನು ದೂರದ ಸಾಲಿನಿಂದ ಕಾಯಿ ಕೀಳುತ್ತಾ ಬಂದೆ. ಬೇಲಿಯ ಹತ್ತಿರ ದಟ್ಟ ಬಳ್ಳಿಯ ಕೆಳಗೆ ಕಾಲಿಗೆ ಏನೋ ತೊಡರಿತು. ನಮ್ಮ ತೆಂಗಿನಕಾಯಿ ಕೀಳುವ ದೋಟಿ. ತುದಿಯಲ್ಲಿ ನಮ್ಮ ಯಜಮಾನರ ಪಂಚೆ, ಎರಡು ಗಂಟು ಹಾಕಿ ಬಿಗಿಯಾಗಿ ಕಟ್ಟಿತ್ತು. ಕೊಕ್ಕೆಗೆ ಸಿಕ್ಕಿ ಒಂದು ಕಡೆ ಹರಿದಿತ್ತು.

ಗಾಳಿಗೆ ಹಾರಿದ ಪಂಚೆ ತಾನೇ ಹೋಗಿ ಗಂಟು ಹಾಕಿಕೊಳ್ಳುವುದಿಲ್ಲ.

ಪೊಲೀಸಿನವನು ಮೊಬೈಲಿನಿಂದ ತಲೆ ಎತ್ತಲಿಲ್ಲ. ಪಂಚೆ ಬಿಚ್ಚಿ ಕಾಯಿಯ ಚೀಲದ ತಳಕ್ಕೆ ಹಾಕಿದೆ, ದೋಟಿಯನ್ನು ಪಂಪ್‌ಹೌಸಿನ ಹಿಂದೆ ಒರಗಿಸಿದೆ. ಮನೆಗೆ ಬಂದು ಕೇಳಿದರೆ, "ಕಾಗೆ ಓಡಿಸ್ತಿದ್ದೆ" ಅಂದರು. ಅವರೆ ತಿನ್ನುವ ಕಾಗೆಯನ್ನು ನಾನು ಇದುವರೆಗೂ ಕಂಡಿಲ್ಲ. ಏನೋ ಇದೆ. ಏನಿದ್ದರೂ ನಮಗ್ಯಾಕೆ ಊರ ಉಸಾಬರಿ. ಪಂಚೆ ಒಗೆದು, ನೀಲಿ ಹಾಕಿ, ಇಸ್ತ್ರಿ ಮಾಡಿ ಬೀರುವಿನಲ್ಲಿಟ್ಟೆ.

ಜನವರಿ 12, ಭಾನುವಾರ

ಪೈಲಟ್ ಹುಡುಗಿ ಬಂದಿತ್ತು.

ಹೆಸರು ತೇಜಸ್ವಿನಿ. ಬಲಗೈಯನ್ನು ಜೋಳಿಗೆಯಲ್ಲಿ ತೂಗುಹಾಕಿಕೊಂಡು, ಎಡಗೈಯಲ್ಲಿ ಸೇಬಿನ ಚೀಲ ಹಿಡಿದು, ಮೆಟ್ರೋದಲ್ಲಿ ದೊಡ್ಡಕಲ್ಲಸಂದ್ರಕ್ಕೆ ಬಂದು ಅಲ್ಲಿಂದ ನಡೆದುಕೊಂಡೇ ಬಂದಿದೆ. ನಮ್ಮ ಶಾಲಿನಿಗಿಂತ ಚಿಕ್ಕದು. "ನನ್ನಿಂದ ಅಂಕಲ್‌ಗೆ ಏಟಾಯ್ತಲ್ಲ, ಸಾರಿ ಹೇಳೋಣ ಅಂತ ಬಂದೆ ಆಂಟಿ" ಅಂದಿತು. ಇವರು ಮಂಚದ ಮೇಲೆ ದೊಡ್ಡ ಮನಸ್ಸು ಮಾಡಿದವರ ಮುಖ ಮಾಡಿಕೊಂಡು, "ಹೋಗ್ಲಿ ಬಿಡಮ್ಮ, ಆಗೋದು ಆಗೋಯ್ತು" ಅಂದರು. ನನಗೆ ಕೆಮ್ಮು ಬಂತು.

ಒಳ್ಳೆಯ ಹುಡುಗಿ ಅಂತ ಸ್ಟೀಲ್ ಲೋಟಕ್ಕೆ ಕಾಫಿ ಬಗ್ಗಿಸಿಕೊಂಡು ಹಜಾರಕ್ಕೆ ಬಂದೆ. ಯಾವ ಕಡೆಯವರಮ್ಮ ಅಂತ ಕೇಳಿದೆ. "ಸಿದ್ದಾಪುರ ಆಂಟಿ. ಅಪ್ಪ ದೇವದಾಸ್, ಬಿಎಂಟಿಸಿ ಡ್ರೈವರ್. ನಾವು ಬೌದ್ಧರು. ನಮ್ಮನೇಲಿ ದೇವರ ಕೋಣೆ ಇಲ್ಲ, ಬುದ್ಧ, ಬಾಬಾಸಾಹೇಬರ ಫೋಟೋ ಇದೆ ಅಷ್ಟೆ" ಅಂದಳು. ಓಹೋ ಅಂದೆ. ಕಾಫಿ ಆರಿದೆ, ಬಿಸಿ ಮಾಡಿ ತರ್ತೀನಿ ಅಂತ ಒಳಗೆ ಹೋಗಿ ಪೇಪರ್ ಲೋಟದಲ್ಲಿ ತಂದುಕೊಟ್ಟೆ. ತೊಳೆಯುವ ಕೆಲಸ ತಪ್ಪುತ್ತದೆ.

ಕಾಫಿ ಕುಡಿಯುತ್ತಾ ಅವಳು ಬಂದ ಕೆಲಸ ಹೇಳಿದಳು. ಔಷಧಿ ಹೊಡೆಯುವಾಗ ಕಂಪನಿಯ ಇಬ್ಬರು ಆಳುಗಳು ತೋಟದ ಅಂಚಿನಲ್ಲಿ ಬಿಳಿ ಬಾವುಟ ಬೀಸುತ್ತಾ ನಿಲ್ಲುತ್ತಾರಂತೆ. ಒಂದು ಸಾಲು ಮುಗಿದರೆ ಅವರು ಮುಂದಿನ ಸಾಲಿಗೆ ಸರಿಯುತ್ತಾರೆ, ಇವಳು ಬಾವುಟ ನೋಡಿಕೊಂಡು ಬರಬೇಕು. "ನಾನು ತಿರುಗಿಸ್ಕೊಂಡು ಬರೋವಾಗ ನಿಮ್ಮ ಹೊಲದ ಕಡೆ ಬಾವುಟ ಕಾಣಿಸ್ತು ಆಂಟಿ. ಜೋರಾಗಿ ಬೀಸ್ತಿದ್ರು. ಅದನ್ನ ನೋಡ್ಕೊಂಡು ಬಂದೆ, ಹೊಂಗೆ ಮರದ ಮರೇಲಿ ತಂತಿ ಇತ್ತು, ಲೇಟಾಗಿ ಕಾಣ್ತು. ಈಗ ಕಂಪನಿಯವರು, ಅಲ್ಲಿ ನಮ್ಮ ಬಾವುಟದವರು ಯಾರೂ ಇರ್ಲಿಲ್ಲ, ನೀನೇ ಗಡಿ ದಾಟಿ ಹೋದೆ, ಸುಳ್ಳು ಹೇಳ್ತಿದೀಯ ಅಂತಾರೆ. ಎನ್‌ಕ್ವೈರಿಯವರೂ ಹಂಗೇ ಬರೆದ್ರೆ ನನ್ನ ಲೈಸೆನ್ಸ್ ಕಥೆ ಮುಗೀತು." ಆಮೇಲೆ ಮಂಚದ ಕಡೆ ತಿರುಗಿ, "ಅಂಕಲ್, ನೀವು ಅಲ್ಲೇ ಇದ್ರಲ್ಲ, ಬಾವುಟ ನೋಡಿದ್ರಾ?" ಅಂತ ಕೇಳಿದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವರಿಗೆ ಹೆಗಲು ಮುಟ್ಟಿಕೊಳ್ಳಲು ಕೈ ಇರಲಿಲ್ಲ. "ಬಾವುಟನಾ? ಯಾವ ಬಾವುಟ? ನಾನೇನೂ ನೋಡಿಲ್ಲಪ್ಪ" ಅಂತ ಗೋಡೆಯ ಕಡೆ ತಿರುಗಿದರು.

ಹೋಗುವಾಗ ಹುಡುಗಿ, "ಕಾಫಿ ಸಖತ್ತಾಗಿತ್ತು ಆಂಟಿ, ಲೋಟ ಮಾತ್ರ ಬೇಗ ಮೆತ್ತಗಾಗುತ್ತೆ" ಅಂದಳು. ಬಾಯಿಮಾತಿಗೆ, ಹಬ್ಬಕ್ಕೆ ಬಾಮ್ಮ ಅಂದೆ.

ಜನವರಿ 14, ಸಂಕ್ರಾಂತಿ

ಬಾಯಿಮಾತಿಗೆ ಹೇಳಿದ್ದು, ಬಂದೇಬಿಟ್ಟಳು. ತಟ್ಟೆಗಳೆಲ್ಲ ಎಳ್ಳು ಬೀರಲು ಹೋಗಿದ್ದವು, ಹಾಗಾಗಿ ಪೇಪರ್ ಲೋಟದಲ್ಲೇ ಎಳ್ಳು ಬೆಲ್ಲ ತುಂಬಿಕೊಟ್ಟೆ. ಅವಳು ಅದರಿಂದ ಒಂದು ಚಿಟಿಕೆ ತೆಗೆದು ಇವರ ಬಾಯಿಗೆ ಹಾಕಿ, "ಎಳ್ಳು ಬೆಲ್ಲ ತಿಂದು ಒಳ್ಳೇ ಮಾತಾಡಿ ಅಂಕಲ್. ಬಾವುಟ ನೋಡಿದ್ರಾ?" ಅಂದಳು.

ಇವರು ಎಳ್ಳು ಬೆಲ್ಲವನ್ನು ಅಷ್ಟು ಹೊತ್ತು ಅಗಿದದ್ದನ್ನು ನಾನು ಎಂದೂ ನೋಡಿಲ್ಲ.

ಜನವರಿ 19, ಭಾನುವಾರ

ಇವತ್ತು ಹಿದುಕಿದ ಬೇಳೆ ಸಾರು. ಅವರೆಕಾಳು ನೆನೆಹಾಕಿ ಹಿದುಕಲು ಕೂತಿದ್ದೆ, ತೇಜಸ್ವಿನಿ ಬಂದಳು. ಸುಮ್ಮನೆ ಕೂರುವ ಜಾತಿಯಲ್ಲ, ಎಡಗೈಯಲ್ಲೇ ಹಿದುಕಲು ಶುರು ಮಾಡಿದಳು. ಎಡಗೈ ಗುರಿ ತಪ್ಪಿ ಬೇಳೆಯೆಲ್ಲ ಹಾರಿ ಯಜಮಾನರ ಮುಖಕ್ಕೆ. ಒಂದು ಹಣೆಗೆ, ಒಂದು ಮೀಸೆಗೆ. ಒರೆಸಿಕೊಳ್ಳಲು ಕೈಯಿಲ್ಲ. "ಆಂಟಿ, ಗಾಳಿ ಅಂಕಲ್ ಕಡೆಗೇ ಇದೆ" ಅಂತ ಬೇರೆ ಅಂದಳು. ನಾನು ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ.

ಅವಳ ಅಜ್ಜಿ ಮುನಿಯಕ್ಕ ಹಿಂದೆ ಈ ಕಡೆಯ ಹೊಲಗಳಲ್ಲೇ ರಾಗಿ ಕಳೆ ತೆಗೆಯುತ್ತಿದ್ದರಂತೆ. ಮೊಮ್ಮಗಳು ಹೊಲದ ಮೇಲೆ ಹಾರುತ್ತಾಳೆ ಅಂದಾಗ, "ನಾನು ಬಗ್ಗಿ ಬಗ್ಗಿ ನೋಡಿದ್ದನ್ನ ನೀನು ಮೇಲಿಂದ ನೋಡ್ಕೊಂಡು ಬಾ" ಅಂದಿದ್ದರಂತೆ. ಈಗ ಆ ಅಜ್ಜಿ ದಿನಾ ಕೇಳುತ್ತದಂತೆ, ಯಾವಾಗ ಮತ್ತೆ ಡ್ಯೂಟಿ ಅಂತ. ಇವಳು, ಮೆಷಿನ್ ರಿಪೇರಿಗೆ ಹೋಗಿದೆ ಅಂತ ಹೇಳಿಕೊಂಡು ಬಂದಿದ್ದಾಳೆ. ಹೇಳುವಾಗ ನಗುತ್ತಲೇ ಇದ್ದಳು, ಕೈಯಲ್ಲಿದ್ದ ಕಾಳನ್ನು ಮಾತ್ರ ಸಿಪ್ಪೆ ಸಮೇತ ಹಿಸುಕಿಹಾಕಿದಳು. ನನಗೆ ತುಂಬ ಬೇಜಾರಾಯಿತು.

ಮುದ್ದೆ ಬಡಿಸುವ ಹೊತ್ತಿಗೆ ಶಾಲಿನಿಯ ಫೋನ್ ಬಂತು. ಅವಳದು ಒಂದು ಸಲ ಬಂದರೆ ಬೇಗ ಮುಗಿಯುವುದಿಲ್ಲ. ಮುಗಿಸಿ ಬಂದು ನೋಡಿದರೆ, ತೇಜಸ್ವಿನಿ ಮಂಚದ ಅಂಚಿನಲ್ಲಿ ಕೂತು ಎಡಗೈಯಿಂದ ಮುದ್ದೆ ಮುರಿದು ಸಾರಿಗೆ ಅದ್ದಿ ಇವರ ಬಾಯಿಗೆ ಇಡುತ್ತಿದ್ದಳು. "ಎಡಗೈ ಅಂಕಲ್, ಅಡ್ಜಸ್ಟ್ ಮಾಡ್ಕೊಳ್ಳಿ." ಇವರು ಏನೂ ಅನ್ನದೆ ಬಾಯಿ ತೆರೆಯುತ್ತಿದ್ದರು. ನಾನು ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತೆ. ದಿನಾ ತಿನ್ನುವುದಕ್ಕಿಂತ ಇವತ್ತು ಅರ್ಧ ಮುದ್ದೆ ಜಾಸ್ತಿಯೇ ತಿಂದರು.

ಊಟವಾದ ಮೇಲೆ ಕಾಫಿಗೆ ಅವಳೇ ಅಡುಗೆಮನೆಗೆ ಬಂದು ಕಟ್ಟಿನಿಂದ ಒಂದು ಪೇಪರ್ ಲೋಟ ಎಳೆದುಕೊಂಡಳು. ಹೇಳಿಸಿಕೊಳ್ಳುವವಳಲ್ಲ, ಜಾಣೆ.

ಜನವರಿ 22

ಪ್ಲಾಸ್ಟರಿನೊಳಗೆ ತುರಿಕೆ ಶುರುವಾಗಿದೆ. ಮೂಗೂ ತುರಿಸುತ್ತದಂತೆ. ಹೆಣಿಗೆ ಕಡ್ಡಿ ಹಿಡಿದು ಹತ್ತಿರ ಕೂತು, "ಪಂಚೆ ಯಾಕೆ ಕಟ್ಟಿದ್ರಿ?" ಅಂದೆ. "ಕಾಗೆ" ಅಂದರು. ಕಡ್ಡಿ ಎತ್ತಿಕೊಂಡು ಒಳಗೆ ಹೋದೆ. ಅರ್ಧ ಗಂಟೆ ಗೋಡೆಗೆ ಮೂಗು ಉಜ್ಜಿಕೊಂಡರು.

ಸಾರಿಗೆ ಉಪ್ಪು ಹಾಕಲಿಲ್ಲ. ಚೆನ್ನಾಗಿದೆ ಅಂದರು.

ಜನವರಿ 27

ತುರಿಕೆಯೇ ಗೆದ್ದಿತು.

ಕಡ್ಡಿ ಅರ್ಧ ಒಳಗಿದ್ದಾಗ ನಿಲ್ಲಿಸಿದೆ. ಇವರು ಕಣ್ಣುಮುಚ್ಚಿಕೊಂಡು ಹೇಳಿದರು. ಬೇಲಿಯ ಹತ್ತಿರ ನಿಂತು ನೋಡುತ್ತಿದ್ದರಂತೆ. ಸೇತುರಾಮನ ತೋಟದಲ್ಲಿ ಆಳುಗಳು ಬಿಳಿ ಬಟ್ಟೆ ಬೀಸಿದ ಕಡೆಗೆಲ್ಲ ಹೆಲಿಕಾಪ್ಟರ್ ಬರುತ್ತಿತ್ತು. "ಹಸು ಕರೆದಂಗೆ ಕರೀತವ್ರೆ, ಅದೂ ಬತ್ತೈತೆ. ನಮ್ಮ ಅವರೆಗೂ ಹುಳ ಬಿದ್ದಿತ್ತಲ್ಲ. ಒಂದು ರೌಂಡ್ ಇಲ್ಲೂ ಹೊಡ್ಕೊಂಡು ಹೋಗ್ಲಿ ಅಂತ. ಟವೆಲ್ ನೀನು ಒಗೆಯಕ್ಕೆ ಹಾಕಿದ್ದೆ. ಅದಕ್ಕೇ ಪಂಚೆ ಕಟ್ಟಿ ಬೀಸಿದೆ."

ಅಂದರೆ ತಪ್ಪು ಟವೆಲ್ ಒಗೆದವಳದು.

"ಹಂಗಾದ್ರೆ ಆ ಮಗು ಕಂಡಿದ್ದು ನಿಜ. ಎನ್‌ಕ್ವೈರಿಯವರು ಬಂದಾಗ ಇದನ್ನೇ ಹೇಳಿ" ಅಂದೆ. ಮಂಚದ ಮೇಲೆ ಎದ್ದು ಕೂತುಬಿಟ್ಟರು. "ಸತ್ರೂ ಹೇಳಲ್ಲ. ಬೈರ ಪುಕ್ಸಟ್ಟೆ ಔಷಧಿಗೆ ಪಂಚೆ ಬಿಚ್ಚಿದ ಅಂತ ಸೇತುರಾಮ ಊರೆಲ್ಲ ಡಂಗೂರ ಹೊಡೀತಾನೆ. ನಾನು ವಸಂತಪುರದಲ್ಲಿ ತಲೆ ಎತ್ಕೊಂಡು ತಿರುಗೋದು ಬೇಡ್ವಾ?"

"ಆ ಹುಡುಗಿ?"

"ಬೇರೆ ಕೆಲಸ ಸಿಗುತ್ತೆ ಬಿಡು. ಓದಿದಾಳೆ."

ನನಗೆ ಬಂದ ಕೋಪಕ್ಕೆ ಕಡ್ಡಿಯನ್ನು ಅಲ್ಲೇ ಬಿಟ್ಟು ಎದ್ದುಬಂದೆ. ಅದನ್ನು ತೆಗೆಯಲು ಎದುರು ಮನೆಯವರು ಬರಬೇಕಾಯಿತು. ಮೊನ್ನೆ ಮೊನ್ನೆ ಅವಳ ಕೈತುತ್ತು ತಿಂದ ಬಾಯಿ ಅದು. ನಾನೇ ಹೋಗಿ ಹೇಳಿಬಿಡೋಣ ಅಂದರೆ, ಪಂಚೆ ಒಗೆದು ಇಸ್ತ್ರಿ ಮಾಡಿದವಳು ನಾನೇ. ನಾನು ಕಣ್ಣಾರೆ ಕಂಡವಳೂ ಅಲ್ಲ. ಬೀಸಿದವರೇ ಹೇಳಬೇಕು.

ಫೆಬ್ರವರಿ 2, ಭಾನುವಾರ

ಸೇತುರಾಮ ನೋಡಲು ಬಂದಿದ್ದ. ಕಿತ್ತಳೆ ತಂದಿದ್ದ, ಸುಲಿಯಲು ಕೈಯಿಲ್ಲದವರಿಗೆ. "ಹೆಲಿಕಾಪ್ಟರ್ ನನ್ನದು, ಪೇಪರ್‌ನಲ್ಲಿ ಹೆಸರೂ ನಂದೇ ಬಂತು. ನೀನು ಕಾಲುವೇಲಿ ಬಿದ್ದಿದ್ದನ್ನ ಪಾಪ ಯಾರೂ ಬರೀಲಿಲ್ಲ ಬೈರ" ಅಂದ. ಇವರು ಆ ಕಡೆ ಈ ಕಡೆ ಹೊರಳಾಡಿದರು. ಅವನು ಹೋದ ಮೇಲೂ ಬಹಳ ಹೊತ್ತು, "ನಂದಂತೆ ನಂದು, ಬಾಡಿಗೆಗೆ ತಂದವ್ನು" ಅಂತ ಗೊಣಗುತ್ತಿದ್ದರು.

ಅವರೆ ಸಿಪ್ಪೆ ಹೊರಗೆ ಹಾಕುವಾಗ ನನಗೆ ಒಂದು ಯೋಚನೆ ಬಂತು. ಇವರಿಂದ ನಿಜ ಹೇಳಿಸಲು ತುರಿಕೆಯೂ ಬೇಡ, ಸಪ್ಪೆ ಸಾರೂ ಬೇಡ. ಎನ್‌ಕ್ವೈರಿಯವರು ಗುರುವಾರ ನಮ್ಮ ಮನೆಗೇ ಬರುತ್ತಾರಂತೆ. ಸೇತುರಾಮನ ಹೆಂಡತಿ ಯಲ್ಲವ್ವನಿಗೆ ಫೋನ್ ಮಾಡಿ, ಅಣ್ಣನ್ನೂ ಅವತ್ತೇ ಕಳಿಸಿ, ಎಲ್ಲರ ಹೇಳಿಕೆಯೂ ಒಂದೇ ಕಡೆ ಆಗಿಬಿಡಲಿ, ಹೋಳಿಗೆ ಮಾಡ್ತೀನಿ ಅಂದೆ. ಹೋಳಿಗೆ ಅಂದರೆ ಸೇತುರಾಮ ಎಲ್ಲಿದ್ದರೂ ಬರುತ್ತಾನೆ.

ಫೆಬ್ರವರಿ 6, ಗುರುವಾರ

ಪಾತ್ರೆ ತೊಳೆಯುವುದನ್ನು ಹಾಗೇ ಬಿಟ್ಟು ಬರೆಯಲು ಕೂತಿದ್ದೇನೆ.

ಆಫೀಸರು ಗಂಭೀರ ಮನುಷ್ಯ, ಕನ್ನಡಕ, ಕಡಿಮೆ ಮಾತು. ಸೇತುರಾಮ ಹಬ್ಬದ ಅಂಗಿ ಹಾಕಿಕೊಂಡು ಸೋಫಾದ ನಡುವೆ ಕೂತ. ತೇಜಸ್ವಿನಿ ಮೂಲೆಯ ಸ್ಟೂಲಿನ ಮೇಲೆ. ಜೋಳಿಗೆ ಬಿಚ್ಚಿದೆ, ಭುಜ ವಾಸಿಯಾಗಿದೆ, ಮುಖ ಮಾತ್ರ ಬಾಡಿಹೋಗಿತ್ತು. ಇವರು ಕುರ್ಚಿಯ ಮೇಲೆ ಎರಡೂ ಕೈ ಮುಂದಕ್ಕೆ ಚಾಚಿಕೊಂಡು ಕೂತಿದ್ದರು.

"ಬೈರಣ್ಣೋರೆ, ನಿಮ್ಮ ಹೊಲದಲ್ಲಿ ಅವತ್ತು ಬಿಳಿ ಬಾವುಟ ಏನಾದ್ರೂ ನೋಡಿದ್ರಾ?" ಅಂತ ಆಫೀಸರು ಕೇಳಿದರು.

"ಇಲ್ಲ ಸಾರ್."

ಆಫೀಸರು ಬರೆದುಕೊಂಡರು. ತೇಜಸ್ವಿನಿ ತಲೆ ಎತ್ತಲಿಲ್ಲ. ಆಗ ನಾನು ಹೋಳಿಗೆ ತಟ್ಟೆ ಹಿಡಿದುಕೊಂಡು ಹೋಗಿ ಮೊದಲು ಸೇತುರಾಮನಿಗೆ ಬಡಿಸಿದೆ.

"ಅದೆಲ್ಲ ಇವರಿಗೆಲ್ಲಿ ಗೊತ್ತಾಗುತ್ತೆ ಸಾರ್. ಹೆಲಿಕಾಪ್ಟರ್ ವಿಷಯ ಅಂದ್ರೆ ಸೇತುರಾಮಣ್ಣನ್ನ ಕೇಳಿ. ಅವರು ಬಾ ಅಂದ್ರೆ ಬರುತ್ತೆ, ಹೋಗು ಅಂದ್ರೆ ಹೋಗುತ್ತೆ" ಅಂದೆ. ಸೇತುರಾಮನ ಬಾಯಿ ತುಂಬ ಹೋಳಿಗೆ, ತಲೆ ಮಾತ್ರ ಆಡಿಸಿದ. ನಾನು ಇನ್ನೊಂದು ಚಮಚ ತುಪ್ಪ ಹಾಕಿದೆ. "ನಮ್ಮನೆಯವರು ಏನೋ ದೂರದಲ್ಲಿ ನಿಂತು ನೋಡ್ತಿದ್ರು, ಹೆದರಿ ಓಡಿ ಕಾಲುವೇಲಿ ಬಿದ್ರು. ಅಷ್ಟು ದೊಡ್ಡ ಮೆಷಿನ್ನು ನಮ್ಮಂಥವರ ಮಾತು ಕೇಳುತ್ತಾ ಸಾರ್?"

ಸೇತುರಾಮ ಹೋಳಿಗೆ ನುಂಗಿ, "ನಿಜ ಸಾರ್. ಬೈರನ ಮಾತು ಅವನ ಮನೆ ನಾಯೀನೂ ಕೇಳಲ್ಲ" ಅಂದ.

ಅಷ್ಟು ಸಾಕಾಯಿತು.

"ಯಾರ ಮಾತು ಕೇಳಲ್ಲ?" ಅಂತ ಇವರು ಎದ್ದು ನಿಂತರು. "ನಿನ್ ಹೆಲಿಕಾಪ್ಟರ್ ನಿನ್ ತೋಟ ಬಿಟ್ಟು ನನ್ ಹೊಲಕ್ಕೆ ಯಾಕಲಾ ಬಂತು? ನಾನು ಕರೆದೆ, ಬಂತು. ನಿನ್ ಆಳು ಇಬ್ರು ಸೇರಿ ಬೀಸಿದ ಬಾವುಟ ಬಿಟ್ಟು, ನಾನೊಬ್ನೇ ಬೀಸಿದ್ದಕ್ಕೆ ಬೇಲಿ ಹಾರಿ ಬಂತು. ನೀನು ಬಾಡಿಗೆ ಕೊಟ್ಟು ಕರೆಸ್ದೆ, ನಾನು ಬರೀ ಪಂಚೇಲಿ ಇಳಿಸ್ದೆ."

ಆಫೀಸರು ಪೆನ್ನು ಎತ್ತಿದರು.

"ಏನು ಬೀಸಿದ್ರಿ?"

"ಪಂಚೆ ಸಾರ್. ದೋಟಿಗೆ ಕಟ್ಟಿ."

"ನೀವು ಉಟ್ಕೊಂಡಿದ್ದ ಪಂಚೇನಾ?"

"ಹೂಂ ಸಾರ್."

"ಆಗ ನೀವು ಏನು ಹಾಕ್ಕೊಂಡಿದ್ರಿ?"

ಇವರು ಒಂದು ಕ್ಷಣ ಯೋಚನೆ ಮಾಡಿದರು. ಆಗ ಅರ್ಥವಾಯಿತು ಅಂತ ಕಾಣುತ್ತದೆ, ನನ್ನ ಕಡೆ ತಿರುಗಿದರು. ಕಣ್ಣಿನಲ್ಲೇ, ಹೇಳಿದ್ದನ್ನು ವಾಪಸ್ ತಗೊಳ್ಳಲಾ ಅನ್ನುವ ಹಾಗಿತ್ತು. ನನಗೆ ಎಲ್ಲಿಂದ ಧೈರ್ಯ ಬಂತೋ, "ಬರ್ಕೊಳ್ಳಿ ಸಾರ್. ಬೈರಣ್ಣ, ಪಟಾಪಟ್ಟಿ ಚಡ್ಡಿ. ಆ ಪಂಚೆ ತರ್ತೀನಿ ಇರಿ, ದೋಟಿ ಕೊಕ್ಕೆಗೆ ಸಿಕ್ಕಿ ಹರಿದಿರೋದು ಹಂಗೇ ಇದೆ. ಗಂಟಿನ ಸುಕ್ಕು ಮಾತ್ರ ನಾನು ಇಸ್ತ್ರಿ ಮಾಡಿಬಿಟ್ಟೆ. ಅದನ್ನೂ ಬರ್ಕೊಳ್ಳಿ" ಅಂದೆ.

ಆಫೀಸರು ಆ ತೂತಿನೊಳಗೆ ಬೆರಳು ಹಾಕಿ ನೋಡಿದರು. ಪಂಪ್‌ಹೌಸಿನ ಹಿಂದಿನ ದೋಟಿಗೆ ಆಳು ಕಳಿಸಿದರು. ಆ ಕರೆಂಟ್ ತಂತಿಗೆ ಪರ್ಮಿಷನ್ ಇದೆಯಾ ಅಂತಲೂ ಕೇಳಿದರು. ಅದಕ್ಕೆ ನಾವಿಬ್ಬರೂ ಒಟ್ಟಿಗೆ ಕೆಮ್ಮಿದೆವು.

ತೇಜಸ್ವಿನಿ ಅಡುಗೆಮನೆಗೆ ಬಂದು, ನನ್ನ ಬೆನ್ನಿಗೆ ಹಣೆ ಒತ್ತಿಕೊಂಡು ನಿಂತಳು. ನಾನು ಹೋಳಿಗೆ ಬೇಯಿಸುತ್ತಲೇ ಇದ್ದೆ. ಒಂದು ಸೀದುಹೋಯಿತು.

ಫೆಬ್ರವರಿ 9

ಮೂರು ದಿನದಿಂದ ಯಜಮಾನರು ಮಾತು ಬಿಟ್ಟಿದ್ದಾರೆ. ಬಾಯಿ ತೆರೆಯುತ್ತಾರೆ, ತುತ್ತಿಗೆ ಮಾತ್ರ.

ಫೆಬ್ರವರಿ 13

ಸಂಜೆ ಟೀ ಅಂಗಡಿಗೆ ಹೋಗಿ ಬಂದವರು ಎದೆ ಉಬ್ಬಿಸಿಕೊಂಡಿದ್ದರು. ಅಲ್ಲಿ ಎಲ್ಲರೂ ಹೆಲಿಕಾಪ್ಟರ್ ಬೈರಣ್ಣ ಅನ್ನುತ್ತಾರಂತೆ. ಒಬ್ಬ ಹುಡುಗ, "ಗುರು, ಮುಂದಿನ ಸಲ ವಿಮಾನ ಇಳಿಸಿ" ಅಂದನಂತೆ. ಸೇತುರಾಮ ಆ ಅಂಗಡಿಯ ಕಡೆ ಬರುವುದನ್ನೇ ಬಿಟ್ಟಿದ್ದಾನೆ. ತಂತಿಯ ವಿಷಯಕ್ಕೆ ನೋಟಿಸ್ ಬಂದಿದೆ, ಅದನ್ನೂ ನನ್ನಿಂದ ಅಂಗಿಯ ಜೇಬಿಗೆ ಇಡಿಸಿಕೊಂಡು ಹೋಗಿ, ತೆಗೆದು ಓದಿ ಅಂತ ಎಲ್ಲರಿಗೂ ಹೇಳುತ್ತಾರೆ.

"ಉಪ್ಪು ಕಮ್ಮಿ" ಅಂದರು ಊಟದಲ್ಲಿ. ರಾಜಿಯಾಯಿತು ಅಂದುಕೊಂಡೆ.

ಫೆಬ್ರವರಿ 24

ಪ್ಲಾಸ್ಟರ್ ಬಿಚ್ಚಿದರು. ಆಸ್ಪತ್ರೆಯ ಕಾರಿಡಾರಿನಲ್ಲೇ ನಿಂತು ಮನಸಾರೆ ಕೆರೆದುಕೊಂಡರು. ನೋಡುವವರು ನಾಚಿಕೊಳ್ಳಬೇಕು.

ಮಧ್ಯಾಹ್ನ ತೇಜಸ್ವಿನಿಯ ಫೋನ್. ತಂತಿಯನ್ನು ಮೊದಲೇ ನೋಡಬೇಕಿತ್ತು ಅಂತ ಅವಳಿಗೂ ಒಂದು ಮಾತು ಬರೆದಿದ್ದಾರಂತೆ, ಆದರೆ ಬಾವುಟ ಕಂಡದ್ದು ನಿಜ, ಸುಳ್ಳು ಹೇಳಿಲ್ಲ ಅಂತ ಒಪ್ಪಿದ್ದಾರೆ. ಲೈಸೆನ್ಸ್ ಉಳಿಯಿತು. ಮುಂದಿನ ವಾರ ಕೋಲಾರದ ಕಡೆ ಡ್ಯೂಟಿ. "ಅಜ್ಜಿ ನಿಮ್ಮನ್ನ ಕರ್ಕೊಂಡು ಬಾ ಅಂದಿದಾರೆ ಆಂಟಿ" ಅಂದಳು. ಫೋನಿಟ್ಟ ಮೇಲೆ ಸುಮ್ಮಸುಮ್ಮನೆ ಅಳು ಬಂತು. ಸಂತೋಷಕ್ಕೇ.

ಮಾರ್ಚ್ 2, ಭಾನುವಾರ

ಕೊನೆಯ ಕೊಯ್ಲಿನ ಒಣ ಅವರೆ ಕಟ್ಟಿಕೊಂಡು ಸಿದ್ದಾಪುರಕ್ಕೆ ಹೋಗಿದ್ದೆ. ತೇಜಸ್ವಿನಿ ಮೆಟ್ರೋ ಸ್ಟೇಷನ್ನಿಗೇ ಬಂದು ಕರೆದುಕೊಂಡು ಹೋದಳು. ಸಣ್ಣ ಮನೆ, ಕನ್ನಡಿಯಂತೆ ಒರೆಸಿಟ್ಟಿದ್ದರು. ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರು, ಪಕ್ಕದಲ್ಲಿ ಹೆಲಿಕಾಪ್ಟರಿನೊಳಗೆ ಕೂತ ತೇಜಸ್ವಿನಿ. ಮುನಿಯಕ್ಕ ಬಗ್ಗಿದ ಬೆನ್ನಿನ ಚುರುಕಾದ ಮುದುಕಿ. ಅವರೆ ಮೂಸಿ ನೋಡಿ, "ಸೊಗಡು ಚೆನ್ನಾಗೈತೆ. ಆ ಹೊಲದ್ದು ಯಾವಾಗ್ಲೂ ಹಿಂಗೇ" ಅಂದಳು. ನಮ್ಮ ಹೊಲ ಅವಳಿಗೆ ಸಾಲು ಸಾಲಾಗಿ ಗೊತ್ತು. ಹೊಂಗೆ ಮರ ಗಿಡವಾಗಿದ್ದಾಗಿನಿಂದ ಗೊತ್ತು.

ಆಮೇಲೆ ಎದ್ದು ಒಳಗೆ ಹೋಗಿ ಕಾಫಿ ತಂದಳು. ಅವಳಿಗೂ ಮೊಮ್ಮಗಳಿಗೂ ಸ್ಟೀಲ್ ಲೋಟ. ನನಗೆ ಪೇಪರ್ ಲೋಟ, ಹೊಸದು.

"ನಿಮ್ಮನೇಲಿ ಇದ್ರಲ್ಲೇ ಕುಡಿಯೋದು ಅಂತ ತೇಜು ಹೇಳಿದ್ಲು. ಅದಕ್ಕೇ ಅಂಗಡಿಯಿಂದ ತರಿಸ್ದೆ ಕಣವ್ವ" ಅಂದಳು.

ಅವಳ ಮುಖದಲ್ಲಿ ಏನೂ ಇರಲಿಲ್ಲ. ಕಣ್ಣಲ್ಲಿ ಇತ್ತೋ ಏನೋ, ನಾನು ಸರಿಯಾಗಿ ನೋಡಲಿಲ್ಲ. ತೇಜಸ್ವಿನಿ ಕಿಟಕಿಯಾಚೆ ನೋಡುತ್ತಿದ್ದಳು. ನನಗೆ ಕಿವಿಯವರೆಗೂ ಬಿಸಿಯಾಯಿತು. ಲೋಟ ಹಿಡಿದುಕೊಂಡೇ ಕೂತೆ.

ಮುನಿಯಕ್ಕ ತನ್ನ ಕಾಫಿ ಒಂದು ಗುಟುಕು ಕುಡಿದು, "ನಿಮ್ಮತ್ತೆ ನಮಗೆ ಬೇಲಿ ಹತ್ರ ತೆಂಗಿನ ಚಿಪ್ಪಲ್ಲಿ ಹುಯ್ತಿದ್ರು. ಬೆರಳೆಲ್ಲ ಸುಡ್ತಿತ್ತು. ಇದು ವಾಸಿ ಬಿಡು, ಸುಡಲ್ಲ" ಅಂದು ಬೊಚ್ಚುಬಾಯಿ ಬಿಟ್ಟು ನಕ್ಕಳು.

"ನಮ್ಮನೇಲಿ ಈ ಲೋಟ ಮುಗಿದೋಯ್ತು ಅಕ್ಕ" ಅಂದೆ. "ನನಗೂ ಸ್ಟೀಲ್ ಲೋಟ ಕೊಡಿ."

ಅವಳು ಎದ್ದು ಹೋಗದೆ, ತನ್ನ ಲೋಟದಲ್ಲಿ ಉಳಿದದ್ದನ್ನು ಗಟಗಟ ಕುಡಿದು, ಅದನ್ನೇ ಚೊಂಬಿನ ನೀರಲ್ಲಿ ತೊಳೆದು, ನನ್ನ ಕಾಫಿಯನ್ನು ಅದಕ್ಕೆ ಬಗ್ಗಿಸಿಕೊಟ್ಟಳು. ಕುಡಿದೆ. ಬೆಲ್ಲದ ಕಾಫಿ, ನನ್ನದಕ್ಕಿಂತ ಚೆನ್ನಾಗಿತ್ತು.

ಮುಗಿದುಹೋಯಿತು ಅಂದದ್ದು ಸುಳ್ಳು. ಮನೆಗೆ ಬಂದು ನೋಡಿದರೆ ಅರ್ಧ ಕಟ್ಟು ಹಾಗೇ ಇತ್ತು. ಸೀರೆ ಕೂಡ ಬದಲಾಯಿಸದೆ ಟೆರೇಸಿಗೆ ಒಯ್ದು, ಒಂದೊಂದರ ತಳಕ್ಕೂ ಮೊಳೆಯಿಂದ ತೂತು ಹೊಡೆದು, ಹೊಲದ ಮಣ್ಣು ತುಂಬಿ ಮೆಣಸಿನ ಬೀಜ ಹಾಕಿದೆ. ಯಜಮಾನರು ಹಿಂದೆಯೇ ಬಂದು ನಿಂತಿದ್ದರು.

"ಎಲ್ಲಾದಕ್ಕೂ ತೂತು ಹೊಡೆದ್ಯಲ್ಲ, ನಾಳೆ ಯಾರಾದ್ರೂ ಬಂದ್ರೆ ಕಾಫಿ ಯಾವುದ್ರಲ್ಲಿ ಕೊಡ್ತೀಯ?"

"ನಾವು ಕುಡಿಯೋದ್ರಲ್ಲೇ" ಅಂದೆ.